‘ಅಂಥವರು ಒಬ್ಬರ ಹತ್ತಿರ ನಿಲ್ಲಲ್ಲ’ ಅಂತಾಳೆ ಅಕ್ಕ. ನಿಜವಾ, ಡಾಕ್ಟ್ರೇ?

ಪ್ರಶ್ನೆ: ನನಗೆ 31 ವರ್ಷ, ನಮ್ಮ ಮನೆಯವರಿಗೆ 34. ಎರಡೂ ಕಡೆಯ ಹಿರಿಯರು ಜಾತಕ ನೋಡಿ ಮಾಡಿದ ಮದುವೆ, ಐದು ವರ್ಷವಾಯಿತು. ಮೂರು ವರ್ಷದ ಮಗಳಿದ್ದಾಳೆ. ಊರು ದಾವಣಗೆರೆ ಕಡೆ, ಕೆಲಸಕ್ಕಾಗಿ ಬೆಂಗಳೂರಿನಲ್ಲಿದ್ದೇವೆ. ಹೋದ ತಿಂಗಳು ಒಂದು ರಾತ್ರಿ ಮಗು ಮಲಗಿದ ಮೇಲೆ ಅವರು ‘ಒಂದು ವಿಷಯ ಹೇಳಬೇಕು, ಇನ್ನು ಒಳಗೇ ಇಟ್ಟುಕೊಳ್ಳೋಕಾಗಲ್ಲ’ ಅಂದರು. 2009ರಿಂದ 2013ರವರೆಗೆ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಒಬ್ಬ ಹುಡುಗನನ್ನು ಪ್ರೀತಿಸಿದ್ದರಂತೆ. ಅದಕ್ಕೂ ಮುಂಚೆ ಪಿಯುಸಿಯಲ್ಲಿ ಒಬ್ಬಳು ಹುಡುಗಿಯ ಮೇಲೂ ಹಾಗೇ ಮನಸ್ಸಾಗಿತ್ತಂತೆ. ‘ನಾನು ಬೈಸೆಕ್ಷುಯಲ್. ಮದುವೆಯಾದ ಮೇಲೆ ಯಾರ ಸಹವಾಸಕ್ಕೂ ಹೋಗಿಲ್ಲ, ನಿನ್ನನ್ನು ಬಿಟ್ಟು ಹೋಗುವ ಯೋಚನೆಯೂ ಇಲ್ಲ’ ಎಂದು ಅತ್ತರು. ನಾನು ಅಕ್ಕನಿಗೆ ಮಾತ್ರ ಹೇಳಿದೆ. ‘ಬೈ ಗೀ ಏನೂ ಇಲ್ಲ, ಅವನು ಗೇ, ಮುಚ್ಚಿಕೊಳ್ಳೋಕೆ ನಿನ್ನ ಕಟ್ಟಿಕೊಂಡಿದ್ದಾನೆ. ಅಂಥವರು ಒಬ್ಬರ ಹತ್ತಿರ ನಿಲ್ಲಲ್ಲ. ಡಾಕ್ಟರಿಗೆ ತೋರಿಸು, ಮಾತ್ರೆ ಇರುತ್ತೆ’ ಅಂತಾಳೆ. ಅವತ್ತಿನಿಂದ ಅವರು ಹಾಲ್‌ನ ದಿವಾನಿನ ಮೇಲೆ ಮಲಗುತ್ತಾರೆ. ಮೊದಲು ಅವರು ಭಾನುವಾರ ಕ್ರಿಕೆಟ್ಟಿಗೆ ಹೋದರೆ ನಾನು ಆರಾಮಾಗಿ ನಿದ್ದೆ ಮಾಡುತ್ತಿದ್ದೆ, ಈಗ ಹೊಟ್ಟೆ ಹಿಂಡುತ್ತೆ. ನನ್ನನ್ನು ನಿಜವಾಗಿ ಇಷ್ಟಪಟ್ಟಿದ್ದಾರಾ? ಇದು ಕಾಯಿಲೆಯಾ? ನನಗೆ ಏನಾದರೂ ಸೋಂಕು ತಗುಲಿರಬಹುದಾ? ಮಗಳಿಗೂ ಬರುತ್ತಾ? ಅತ್ತೆಗೆ ಹೇಳಲಾ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ, ಆದರೆ ಅವುಗಳ ಹಿಂದೆ ನನಗೆ ಕಂಡದ್ದು ಎರಡೇ ಭಯ. ಇಷ್ಟು ವರ್ಷ ಒಟ್ಟಿಗಿದ್ದ ಮನುಷ್ಯ ಬೇರೆಯವನೇ ಇರಬಹುದು ಎನ್ನುವುದು ಒಂದು. ಇನ್ನು ಮೇಲೆ ಹೆಂಗಸರು ಸಾಲದು ಎಂದು ಗಂಡಸರನ್ನೂ ಅನುಮಾನಿಸುತ್ತ ಬದುಕಬೇಕಾ ಎನ್ನುವುದು ಇನ್ನೊಂದು. ಎರಡೂ ನಿಜವಾದ ಭಯಗಳೇ. ಐದು ವರ್ಷ ಬಚ್ಚಿಟ್ಟ ವಿಷಯ ಒಂದು ರಾತ್ರಿ ಎದುರಿಗೆ ಬಂದು ಕೂತರೆ ಯಾರಿಗಾದರೂ ಹೊಟ್ಟೆ ಹಿಂಡುತ್ತದೆ. ಆದರೆ ಆ ಸಂಕಟದಲ್ಲಿ ನಿಮ್ಮ ಮನೆಯವರಿಂದ ಬಂದದ್ದೆಷ್ಟು, ಅಕ್ಕನ ಬಾಯಿಂದ, ಅಂದರೆ ಊರಿನ ಬಾಯಿಂದ ಬಂದದ್ದೆಷ್ಟು ಎಂದು ಬಿಡಿಸಿ ನೋಡಬೇಕು.

ಮೊದಲು ಆ ಪದ. ಬೈಸೆಕ್ಷುಯಲ್ ಎಂದರೆ ಗಂಡಸರ ಮೇಲೂ ಹೆಂಗಸರ ಮೇಲೂ ಒಲವು ಹುಟ್ಟಬಲ್ಲ ಮನಸ್ಸು, ಅಷ್ಟೆ. ಒಲವು ಎರಡೂ ಕಡೆ ಸಮಸಮ ಇರಬೇಕೆಂದಿಲ್ಲ, ಒಂದೇ ಕಾಲಕ್ಕೆ ಇರಬೇಕೆಂದೂ ಇಲ್ಲ. ಕನ್ನಡದಲ್ಲಿ ಇದಕ್ಕೆ ದ್ವಿಲಿಂಗಿ, ಉಭಯಲಿಂಗಿ ಎಂದೆಲ್ಲ ಬರೆಯುತ್ತಾರೆ, ಎಡವಟ್ಟು ಅಲ್ಲೇ ಶುರುವಾಗುತ್ತದೆ. ಹೈಸ್ಕೂಲಿನಲ್ಲಿ ಮೇಷ್ಟರು ದಾಸವಾಳವನ್ನು ಬ್ಲೇಡಿನಿಂದ ಸೀಳಿ, ‘ಕೇಸರ ಇಲ್ಲಿದೆ, ಶಲಾಕೆ ಇಲ್ಲಿದೆ, ಎರಡೂ ಒಂದೇ ಹೂವಿನಲ್ಲಿರುವುದರಿಂದ ಇದು ದ್ವಿಲಿಂಗಿ ಹೂವು’ ಎಂದು ತೋರಿಸಿದ್ದು ನಿಮಗೂ ನೆನಪಿರಬಹುದು. ಹಾಗಾಗಿ ಆ ಪದ ಕಿವಿಗೆ ಬಿದ್ದರೆ ನಮ್ಮ ಜನಕ್ಕೆ ಮೊದಲು ಹೊಳೆಯುವುದು ದೇಹ. ಕೆಲವು ವರ್ಷದ ಹಿಂದೆ ಒಬ್ಬ ತಂದೆ ಸ್ಕ್ಯಾನಿಂಗ್ ಸೆಂಟರಿನ ದೊಡ್ಡ ಕವರು ತಂದು ನನ್ನ ಮೇಜಿನ ಮೇಲಿಟ್ಟರು. ಇಪ್ಪತ್ತೆರಡರ ಮಗ ‘ನನಗೆ ಹುಡುಗಿಯರೂ ಇಷ್ಟ, ಹುಡುಗರೂ ಇಷ್ಟ’ ಎಂದದ್ದಕ್ಕೆ ಅವನ ಹೊಟ್ಟೆ ಸ್ಕ್ಯಾನ್ ಮಾಡಿಸಿದ್ದರು, ಹಾರ್ಮೋನ್ ಪರೀಕ್ಷೆ ಮಾಡಿಸಿದ್ದರು. ಎಲ್ಲವೂ ನಾರ್ಮಲ್ ಬಂದದ್ದಕ್ಕೇ ಅವರಿಗೆ ಹೆಚ್ಚು ಗಾಬರಿ. ಮಗ ಅಷ್ಟು ಹೊತ್ತೂ ಕವರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದ ತನ್ನ ಹೆಸರನ್ನೇ ನೋಡುತ್ತಿದ್ದ. ಹುಟ್ಟಿನಿಂದಲೇ ದೇಹಲಕ್ಷಣಗಳು ಗಂಡು, ಹೆಣ್ಣು ಎರಡರಲ್ಲಿ ಒಂದಕ್ಕೆ ಪೂರ್ತಿ ಹೊಂದದವರು ಅಂತರಲಿಂಗಿಗಳು. ತಮ್ಮ ಲಿಂಗವನ್ನೇ ಬೇರೆಯಾಗಿ ಕಂಡುಕೊಂಡವರು ಟ್ರಾನ್ಸ್‌ಜೆಂಡರ್. ನಿಮ್ಮ ಮನೆಯವರ ವಿಷಯ ಈ ಎರಡೂ ಅಲ್ಲ. ಅವರು ಗಂಡಸು, ತಾನು ಗಂಡಸು ಎನ್ನುವುದರಲ್ಲಿ ಅವರಿಗೆ ಗೊಂದಲವಿಲ್ಲ.

ಇನ್ನು ‘ಬೈ ಗೀ ಏನೂ ಇಲ್ಲ’ ಎನ್ನುವ ಮಾತು. ಇದು ನಿಮ್ಮ ಅಕ್ಕ ಹುಟ್ಟಿಸಿದ್ದಲ್ಲ, ವಿಜ್ಞಾನವೂ ಬಹಳ ದಿನ ಇಲ್ಲೇ ತಡಕಾಡಿದೆ. ಅಮೆರಿಕದ ಆಲ್ಫ್ರೆಡ್ ಕಿನ್ಸಿ ಸಾವಿರಾರು ಗಂಡಸರನ್ನು ಮಾತಾಡಿಸಿ, ಮನುಷ್ಯರನ್ನು ಎರಡು ಡಬ್ಬಿಗಳಲ್ಲಿ ತುಂಬಲಾಗದು ಎಂದು ಸೊನ್ನೆಯಿಂದ ಆರರವರೆಗಿನ ಅಳತೆಗೋಲು ಕೊಟ್ಟದ್ದು 1948ರಲ್ಲಿ. ಅಷ್ಟಾದರೂ 2005ರಲ್ಲಿ ಅಲ್ಲಿನ ಒಂದು ಪ್ರಯೋಗಾಲಯ, ತಾವು ಬೈಸೆಕ್ಷುಯಲ್ ಎನ್ನುವ ಗಂಡಸರಲ್ಲಿ ಹೆಚ್ಚಿನವರಿಗೆ ದೈಹಿಕ ಉದ್ರೇಕ ಒಂದೇ ಕಡೆಗೆ ಕಂಡಿತು, ಹೆಣ್ಣು ಗಂಡು ಎರಡೂ ಕಡೆಗಲ್ಲ ಎಂದು ವರದಿ ಮಾಡಿತು. ಪತ್ರಿಕೆಗಳು ಅದನ್ನು ‘ಇವರು ಸುಳ್ಳು ಹೇಳುತ್ತಿದ್ದಾರೆ’ ಎನ್ನುವ ಅರ್ಥ ಬರುವಂತೆ ಊರೆಲ್ಲ ಸಾರಿದವು. ಅದೇ ಪ್ರಯೋಗಾಲಯ 2011ರಲ್ಲಿ ಹೆಚ್ಚು ಎಚ್ಚರದಿಂದ ಜನರನ್ನು ಆರಿಸಿ ನೋಡಿದಾಗ ಫಲಿತಾಂಶ ಬೇರೆಯೇ ಬಂತು. 2020ರಲ್ಲಿ ಅಮೆರಿಕ, ಬ್ರಿಟನ್, ಕೆನಡಾದ ನೂರಾರು ಗಂಡಸರ ಮಾಹಿತಿ ಒಟ್ಟುಗೂಡಿಸಿ, ಗಂಡಸರಲ್ಲಿ ಬೈಸೆಕ್ಷುಯಲ್ ಒಲವು ಖಂಡಿತ ಇದೆ ಎಂದು ಪ್ರಕಟಿಸಿದರು. ತಿದ್ದುಪಡಿಯನ್ನು ಮಾತ್ರ ಯಾರೂ ಅಷ್ಟು ಜೋರಾಗಿ ಸಾರಲಿಲ್ಲ. ಹೆಂಗಸರ ವಿಷಯದಲ್ಲಿ ಲಿಸಾ ಡೈಮಂಡ್ ಎಂಬ ಮನಶ್ಶಾಸ್ತ್ರಜ್ಞೆ 79 ಮಂದಿಯನ್ನು ಹತ್ತು ವರ್ಷ ಹಿಂಬಾಲಿಸಿ 2008ರಲ್ಲಿ ಬರೆದದ್ದೂ ಇದೇ: ಬಹುಪಾಲು ಜನರಿಗೆ ಇದು ಬಂದು ಹೋಗುವ ಹಂತವಲ್ಲ.

ಆದರೂ ನಿಮ್ಮ ಅಕ್ಕನ ಭಯಕ್ಕೆ ಬುಡವೇ ಇಲ್ಲ ಎನ್ನಲಾರೆ. ನಮ್ಮ ಸಮಾಜದಲ್ಲಿ ಹೆಣ್ಣಿನ ಮೇಲೆ ಒಲವೇ ಇಲ್ಲದ ಗಂಡಸರನ್ನು ಹೆದರಿಸಿ, ಅತ್ತು ಕರೆದು ಮದುವೆ ಮಾಡುತ್ತಾರೆ. ಅಂಥ ಮನೆಗಳಲ್ಲಿ ಒಣಗಿ ಹೋದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಗೇ ಎಂದು ಒಪ್ಪಿಕೊಳ್ಳಲು ಧೈರ್ಯ ಸಾಲದೆ ಮೊದಲು ‘ಬೈ’ ಎಂದು ಹೇಳಿ ನೋಡಿದವರೂ ಇದ್ದಾರೆ. ನಿಮ್ಮ ಮನೆಯವರು ಅವರಲ್ಲೊಬ್ಬರೇ ಎಂದು ಹೇಳಬಲ್ಲವರು ಅಕ್ಕನೂ ಅಲ್ಲ, ನಾನೂ ಅಲ್ಲ. ಐದು ವರ್ಷ ಅವರ ಜೊತೆ ಬಾಳಿದ ನೀವು. ಅವರು ಹತ್ತಿರ ಬಂದಾಗ ಅದು ಕರ್ತವ್ಯ ಮುಗಿಸುವಂತೆ ಇತ್ತೇ? ಅವರಾಗಿ ಕೈ ಚಾಚಿದ ದಿನಗಳು ಇದ್ದವೇ? ಆ ರಾತ್ರಿಗೆ ಮುಂಚಿನ ನಿಮ್ಮ ನೆನಪುಗಳನ್ನು ಆ ರಾತ್ರಿಯ ಬೆಳಕಿನಲ್ಲಿ ತಿದ್ದಬೇಡಿ. ‘ನನ್ನನ್ನು ನಿಜವಾಗಿ ಇಷ್ಟಪಟ್ಟಿದ್ದಾರಾ’ ಎನ್ನುವುದಕ್ಕೆ ಸಾಕ್ಷಿ ಅಲ್ಲಿದೆ. ಗಂಡಸರ ಮೇಲೂ ಒಲವು ಹುಟ್ಟಬಲ್ಲದು ಎಂದ ಮಾತ್ರಕ್ಕೆ ನಿಮ್ಮ ಮೇಲೆ ಹುಟ್ಟಿದ್ದು ನಕಲಿಯಾಗುವುದಿಲ್ಲ.

ಇಂಥವರು ನಿಜವಾಗಿ ಇದ್ದರೆ ನಮ್ಮ ಕಣ್ಣಿಗೇಕೆ ಬೀಳುವುದಿಲ್ಲ ಎಂದು ನೀವು ಕೇಳಬಹುದು. ಹೆಣ್ಣನ್ನು ಮದುವೆಯಾದರೆ ಊರು ಅವರನ್ನು ‘ಸಾಮಾನ್ಯ’ದ ಲೆಕ್ಕಕ್ಕೆ ಹಾಕುತ್ತದೆ, ಗಂಡಿನ ಜೊತೆ ಬಾಳಿದರೆ ಗೇ ಲೆಕ್ಕಕ್ಕೆ. ಎರಡರಲ್ಲೂ ಅವರು ಕಾಣೆ. ಅಮೆರಿಕದ ಪ್ಯೂ ಸಂಸ್ಥೆಯ 2013ರ ಸಮೀಕ್ಷೆಯಲ್ಲಿ, ತಮಗೆ ಮುಖ್ಯರಾದ ಎಲ್ಲರಿಗೂ ಅಥವಾ ಹೆಚ್ಚಿನವರಿಗೆ ತಮ್ಮ ವಿಷಯ ಗೊತ್ತು ಎಂದವರು ಗೇ ಗಂಡಸರಲ್ಲಿ ಶೇ 77, ಲೆಸ್ಬಿಯನ್ ಹೆಂಗಸರಲ್ಲಿ ಶೇ 71, ಬೈಸೆಕ್ಷುಯಲ್‌ಗಳಲ್ಲಿ ಬರೀ ಶೇ 28. ಅಲ್ಲಿನ ಗ್ಯಾಲಪ್ ಎಣಿಕೆಗಳಲ್ಲಿ ಎಲ್‌ಜಿಬಿಟಿ ಎಂದು ಗುರುತಿಸಿಕೊಂಡವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಬೈಸೆಕ್ಷುಯಲ್. ಅತಿ ದೊಡ್ಡ ಗುಂಪೇ ಅತಿ ಹೆಚ್ಚು ಬಾಯಿ ಮುಚ್ಚಿಕೊಂಡಿದೆ. ಅವರಿಗೆ ಎರಡೂ ಕಡೆಯಿಂದ ಪೆಟ್ಟು. ಮನೆಯವರಿಗೆ ಅವರು ಕೆಟ್ಟವರು, ಗೇ ಗೆಳೆಯರಿಗೆ ಅರ್ಧ ದಾರಿಯಲ್ಲಿ ನಿಂತ ಹೇಡಿಗಳು, ‘ಕೊನೆಗೆ ಮದುವೆಯಾಗಿ ಸೇಫ್ ಆಗ್ತಾರೆ’ ಎನ್ನುವ ಮಾತಿಗೆ ಗುರಿ. ‘ಡಬಲ್ ಡೆಕ್ಕರ್’ ಎಂದು ಆಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಹೆಂಗಸರಾದರೆ ಇನ್ನೊಂದು ಬಗೆ: ಅವರ ಒಲವು ಗಂಡಸರಿಗೆ ತಮಾಷೆಯ ವಸ್ತು, ಹೇಳಿಕೊಂಡ ಮರುಕ್ಷಣ ಅಸಹ್ಯದ ಆಹ್ವಾನಗಳು. ಹೀಗೆ ಎಲ್ಲೂ ಸಲ್ಲದೆ ಮುಚ್ಚಿಟ್ಟು ಬದುಕುವುದಕ್ಕೆ ಬೆಲೆ ಇದೆ. ಖಿನ್ನತೆ, ಆತಂಕ ಬೈಸೆಕ್ಷುಯಲ್‌ಗಳಲ್ಲಿ ಗೇ, ಲೆಸ್ಬಿಯನ್ ಜನರಷ್ಟೇ ಅಥವಾ ಅದಕ್ಕೂ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಒಲವೇ ಅದಕ್ಕೆ ಕಾರಣವಲ್ಲ, ಸದಾ ಕಾವಲು ಕಾಯುವ ದಣಿವು ಕಾರಣ.

‘ಹಾಗಾದರೆ ಮದುವೆಗೆ ಮುಂಚೆ ಯಾಕೆ ಹೇಳಲಿಲ್ಲ’ ಎಂಬುದನ್ನು ನೀವು ಪತ್ರದಲ್ಲಿ ಕೇಳಿಲ್ಲ, ಮನಸ್ಸಿನಲ್ಲಿ ಕೇಳಿರುತ್ತೀರಿ. ಅವರು ಕಾಲೇಜು ಸೇರಿದ ವರ್ಷ, 2009ರ ಜುಲೈ 2ರಂದು, ದೆಹಲಿ ಹೈಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಂ ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದು ಎಂದಿತು. ಅವರು ಓದು ಮುಗಿಸಿದ ವರ್ಷ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುಗಿಸಿತು. ಅವರ ಪ್ರೀತಿ ಮತ್ತೆ ಜೀವಾವಧಿವರೆಗೂ ಶಿಕ್ಷೆಯಾಗಬಹುದಾದ ಅಪರಾಧದ ನೆರಳಿಗೆ ಬಂತು. ಆ ಕಲಂನ ಆ ಭಾಗ ಬಿದ್ದದ್ದು 2018ರ ಸೆಪ್ಟೆಂಬರ್ 6ರಂದು, ಅವರಿಗೆ ಇಪ್ಪತ್ತೇಳರ ಆಚೀಚೆ ಇದ್ದಾಗ. ನಿಮ್ಮ ಮದುವೆಯ ಹೊತ್ತಿಗೆ ಕಾನೂನು ಬಿಟ್ಟುಕೊಟ್ಟಿತ್ತು, ಊರು ಬಿಟ್ಟುಕೊಟ್ಟಿರಲಿಲ್ಲ. ಅವರ ಮೌನ ನನಗೆ ಅರ್ಥವಾಗುತ್ತದೆ. ಆದರೆ ಅದು ನಿಮಗೆ ಆದ ಅನ್ಯಾಯವನ್ನು ಅಳಿಸುವುದಿಲ್ಲ. ಒಪ್ಪಿಗೆ ಕೊಡುವಾಗ ನಿಮಗೆ ಇದು ಗೊತ್ತಿರಬೇಕಿತ್ತು. ಸಿಟ್ಟು ಬಂದಿದ್ದರೆ ಆ ಸಿಟ್ಟು ನ್ಯಾಯವಾದದ್ದು, ಅವರ ಮುಂದೆ ಹೇಳಿಕೊಳ್ಳಿ.

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಬೇಕು. 2003ರಲ್ಲಿ ಒಂದು ತಾಲ್ಲೂಕು ಊರಿನಲ್ಲಿ ನಾನು ಹೊಸದಾಗಿ ಪ್ರಾಕ್ಟೀಸ್ ಮಾಡುತ್ತಿದ್ದೆ. ಇಪ್ಪತ್ತಾರರ ಒಬ್ಬ ಹುಡುಗ ಬಂದು ಇದೇ ವಿಷಯ ಹೇಳಿದ, ಹುಡುಗಿ ನೋಡಿದ್ದಾರೆ, ಏನು ಮಾಡಲಿ ಎಂದ. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಎಂದು ನಮ್ಮಲ್ಲಿ ಗಾದೆಯೇ ಇದೆಯಲ್ಲ, ನಾನೂ ಹೆಚ್ಚುಕಡಿಮೆ ಅದನ್ನೇ ಡಾಕ್ಟರ ಭಾಷೆಯಲ್ಲಿ ಹೇಳಿ ಕಳಿಸಿದೆ. ‘ಹೆಣ್ಣಿನ ಮೇಲೂ ಮನಸ್ಸಾಗುತ್ತೆ ತಾನೆ, ಮದುವೆಯಾಗು, ಇದೆಲ್ಲ ಮರೆತುಹೋಗುತ್ತೆ, ಯಾರಿಗೂ ಹೇಳಬೇಡ.’ ಒಂಬತ್ತು ವರ್ಷದ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು. ಆತ ಹೊರಗೆ ಸಂಬಂಧ ಮಾಡಿದವನಲ್ಲ, ಬಚ್ಚಿಟ್ಟು ಬಚ್ಚಿಟ್ಟು ಕುಡಿತಕ್ಕೆ ಬಿದ್ದಿದ್ದ. ಆಕೆ ಆತನನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದ್ದು ಒಂದೇ ಮಾತು: ‘ಮೇಡಂ, ಅವತ್ತು ನನ್ನ ಬದುಕಿನ ಬಗ್ಗೆ ನೀವಿಬ್ಬರೇ ತೀರ್ಮಾನ ಮಾಡಿದಿರಲ್ಲ, ನನ್ನನ್ನೂ ಒಂದು ಮಾತು ಕೇಳಬೇಕು ಅನಿಸಲಿಲ್ವಾ?’ ಅಂದಿನಿಂದ ನಾನು ಯಾರಿಗೂ ಮದುವೆಯನ್ನು ಔಷಧಿಯಾಗಿ ಬರೆದುಕೊಟ್ಟಿಲ್ಲ.

ಈಗ ಅಕ್ಕನ ದೊಡ್ಡ ಬಾಂಬು: ಒಬ್ಬರ ಹತ್ತಿರ ನಿಲ್ಲಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವರು ಎಂದೂ ಇವರನ್ನು ಆಡಿಕೊಳ್ಳುತ್ತಾರೆ. ಆ ಗಾದೆ ಇಲ್ಲಿ ಹೊಂದುವುದಿಲ್ಲ. ಅವರು ಹೇಳಿದ್ದು ನಿಜವಾದರೆ, ಐದು ವರ್ಷದಿಂದ ಅವರು ಕೂತಿರುವುದು ಒಂದೇ ದೋಣಿಯಲ್ಲಿ. ಆಚೆಗೆ ಇನ್ನೂ ಎರಡು ಬಗೆಯ ದೋಣಿಗಳಿರುವುದು ಅವರ ಕಣ್ಣಿಗೆ ಕಾಣುತ್ತದೆ, ಅಷ್ಟೆ. ಹೆಣ್ಣುಮಕ್ಕಳ ಮೇಲೆ ಮಾತ್ರ ಒಲವಿರುವ ಗಂಡನಿಗೆ ಆಫೀಸಿನಲ್ಲಿ, ಮೆಟ್ರೋದಲ್ಲಿ, ನೆಂಟರ ಮದುವೆಯಲ್ಲಿ ಚೆಂದದ ಹೆಂಗಸರು ಕಾಣುವುದಿಲ್ಲವೇ? ಅದಕ್ಕೆ ನಿಮಗೆ ಯಾವತ್ತೂ ಹೊಟ್ಟೆ ಹಿಂಡಿರಲಿಲ್ಲ. ಯಾರ ಕಡೆ ಮನಸ್ಸು ಸೆಳೆಯುತ್ತದೆ ಎನ್ನುವುದು ಒಂದು, ಕೊಟ್ಟ ಮಾತು ಉಳಿಸಿಕೊಳ್ಳುತ್ತಾರಾ ಎನ್ನುವುದು ಬೇರೆಯೇ ಒಂದು. ನನ್ನ ಇಪ್ಪತ್ತಾರು ವರ್ಷದ ಪ್ರಾಕ್ಟೀಸಿನಲ್ಲಿ ಹೆಂಡತಿಗೆ ಮೋಸ ಮಾಡಿ ಸಿಕ್ಕಿಬಿದ್ದು ಬಂದ ಗಂಡಸರಲ್ಲಿ ಬಹುಪಾಲು ಜನಕ್ಕೆ ಹೆಂಗಸರ ಮೇಲೆ ಮಾತ್ರ ಆಸಕ್ತಿ. ಬೈಸೆಕ್ಷುಯಲ್ ಗಂಡಸರೆಲ್ಲ ಶ್ರೀರಾಮಚಂದ್ರರು ಎಂದೂ ನಾನು ಹೇಳುತ್ತಿಲ್ಲ. ಮಾತು ಮುರಿಯುವವರು ಎಲ್ಲರಲ್ಲೂ ಇದ್ದಾರೆ. ನೀವು ತೂಗಬೇಕಾದ್ದು ಈ ಮನುಷ್ಯನ ಮಾತನ್ನು. ದುಡ್ಡಿನಲ್ಲಿ, ಮಗುವಿನ ವಿಷಯದಲ್ಲಿ, ಕಷ್ಟ ಬಂದಾಗ ಅವರು ಹೇಳಿದಂತೆ ನಡೆದುಕೊಂಡಿದ್ದಾರಾ? ಅದರಿಂದ ಅಳೆಯಿರಿ.

ಕಾಯಿಲೆಯೇ ಎಂದರೆ, ಅಲ್ಲ. ಸಲಿಂಗ ಒಲವನ್ನು ಅಮೆರಿಕದ ಮನೋವೈದ್ಯರು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ರೋಗಗಳ ಪಟ್ಟಿಯಿಂದ ತೆಗೆದರು. ಲೈಂಗಿಕ ಒಲವನ್ನು ಆಧರಿಸಿ ಉಳಿದಿದ್ದ ಚೂರುಪಾರು ರೋಗಹೆಸರುಗಳೂ 2022ರಲ್ಲಿ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿಲ್ಲ. ಒಲವನ್ನು ‘ಸರಿಪಡಿಸುವ’ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ, ಅದಕ್ಕೆ ದಾರಿಯಾದದ್ದು ಮದ್ರಾಸ್ ಹೈಕೋರ್ಟಿನ 2021ರ ಆದೇಶ. ಆದರೂ ಮಾತ್ರೆ ಬರೆಯುವವರಿದ್ದಾರೆ. ಆ ಮಾತ್ರೆಗಳಿಂದ ಒಲವಿನ ದಿಕ್ಕು ಬದಲಾಗುವುದಿಲ್ಲ, ಒಟ್ಟಾರೆ ಆಸೆಯೇ ಮಂಕಾಗುತ್ತದೆ. ನಿಮ್ಮ ಮೇಲಿನದೂ ಸೇರಿ. ‘ಸರಿ ಮಾಡ್ತೀನಿ’ ಎನ್ನುವ ಡಾಕ್ಟರಿರಲಿ, ಸ್ವಾಮಿಗಳಿರಲಿ, ಅಲ್ಲಿಂದ ಎದ್ದು ಬನ್ನಿ.

ಸೋಂಕಿನ ಮಾತು. ಎಚ್‌ಐವಿ ವೈರಸ್ಸು ಯಾರ ಒಲವನ್ನೂ ಕೇಳಿ ಬರುವುದಿಲ್ಲ, ಅಸುರಕ್ಷಿತ ಸಂಪರ್ಕದಿಂದ ಬರುತ್ತದೆ. ನೀವು ಬಸುರಿಯಾಗಿದ್ದಾಗ ಆ ಪರೀಕ್ಷೆ ಆಗಿರುವ ಸಾಧ್ಯತೆಯೇ ಹೆಚ್ಚು, ಹಳೇ ಫೈಲು ತೆಗೆದು ನೋಡಿ. ಆಮೇಲೂ ಅನುಮಾನ ಕೊರೆಯುತ್ತಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಉಚಿತ, ಗುಟ್ಟು ಕಾಪಾಡುತ್ತಾರೆ. ಅವರೊಬ್ಬರನ್ನೇ ಕಳಿಸಿದರೆ ಅದು ಪರೀಕ್ಷೆಯಾಗದೆ ಶಿಕ್ಷೆಯಾಗುತ್ತದೆ. ಮಗಳ ಬಗ್ಗೆ ಹೆದರಬೇಡಿ. 2019ರಲ್ಲಿ ಸುಮಾರು ಐದು ಲಕ್ಷ ಜನರ ವಂಶವಾಹಿಗಳನ್ನು ನೋಡಿದ ಅಧ್ಯಯನಕ್ಕೆ ಒಲವನ್ನು ತೀರ್ಮಾನಿಸುವ ಒಂದು ಜೀನ್ ಸಿಗಲಿಲ್ಲ. ಅವಳಿಗೆ ಸದ್ಯ ಬೇಕಿರುವುದು ಅಪ್ಪ ಅಮ್ಮ ಮಾತು ಬಿಡದಿರುವುದು.

ಮುಂದಿನ ದಾರಿ. ನನಗೆ ಸರಿ ಕಾಣುವುದು, ಆರೇಳು ತಿಂಗಳು ಯಾವ ದೊಡ್ಡ ತೀರ್ಮಾನವನ್ನೂ ಮಾಡದೆ ಇಬ್ಬರೂ ಮಾತಾಡುವುದು, ಸಾಧ್ಯವಾದರೆ ಆಪ್ತಸಮಾಲೋಚಕರ ಎದುರು. ಹೋಗುವ ಮುಂಚೆ ಫೋನಿನಲ್ಲೇ ‘ಬೈಸೆಕ್ಷುಯಲ್ ಬಗ್ಗೆ ನಿಮ್ಮ ಅಭಿಪ್ರಾಯ ಏನು’ ಎಂದು ನೇರವಾಗಿ ಕೇಳಿ, ಉತ್ತರದಲ್ಲೇ ಅವರು ಎಂಥವರೆಂದು ಗೊತ್ತಾಗುತ್ತದೆ. ಇಬ್ಬರಲ್ಲಿ ಯಾರಿಗಾದರೂ ರಾತ್ರಿ ಹೊತ್ತು ಮನಸ್ಸು ತಡೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಮನೆಯವರಿಗೆ ತಮ್ಮಂಥವರ ಜೊತೆ ಮಾತು ಬೇಕೆನಿಸಿದರೆ ಬೆಂಗಳೂರಿನಲ್ಲಿ 1999ರಿಂದ ಸಂಗಮ ಸಂಸ್ಥೆ ಇದೆ. ಈ ದಾರಿಯಲ್ಲೂ ಒಂದು ಅಪಾಯವಿದೆ, ನೀವು ಪೊಲೀಸಾಗಿಬಿಡುವುದು. ಫೋನ್ ತಡಕಿದರೆ ಸಿಗುವ ನೆಮ್ಮದಿ ಮರುದಿನ ಬೆಳಿಗ್ಗೆವರೆಗೆ. ಅದರ ಬದಲು ನಿಮ್ಮ ಗೆರೆ ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿ. ಹೊರಗಿನ ಸಂಬಂಧಕ್ಕೆ ಅವರು ಒಪ್ಪಿಗೆ ಕೇಳಿಲ್ಲ. ಮುಂದೆ ಕೇಳಿದರೂ ‘ಆಗಲ್ಲ’ ಎನ್ನುವ ಹಕ್ಕು ನಿಮಗಿದೆ, ಬೈಸೆಕ್ಷುಯಲ್ ಗಂಡನ ಹೆಂಡತಿ ಅದಕ್ಕೆ ತಲೆಬಾಗಬೇಕೆಂದೇನಿಲ್ಲ.

ಬಾಳಲು ಆಗದು ಎನಿಸಿದರೆ ಬಿಡುವುದೂ ತಪ್ಪಲ್ಲ, ಅದರಿಂದ ನೀವು ಕೆಟ್ಟವರಾಗುವುದಿಲ್ಲ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕೊಟ್ಟಿರುವ ಕಾರಣಗಳಲ್ಲಿ ಲೈಂಗಿಕ ಒಲವು ಇಲ್ಲ. ಮುಖ್ಯ ವಿಷಯ ಮುಚ್ಚಿಟ್ಟು ಒಪ್ಪಿಗೆ ಪಡೆದರು ಎಂದು ಮದುವೆ ರದ್ದು ಕೇಳುವುದಾದರೆ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಗೊತ್ತಾದ ಮೇಲೂ ಸಮ್ಮತಿಯಿಂದ ಸಂಸಾರ ಮುಂದುವರಿಸಿದ್ದರೆ ಆ ಬಾಗಿಲು ಮುಚ್ಚುತ್ತದೆ. ಇದು ಅಂಥ ಮುಖ್ಯ ವಿಷಯವೇ ಎಂದು ತೀರ್ಮಾನಿಸುವುದು ಕೋರ್ಟು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತ ವಕೀಲರ ನೆರವು ಸಿಗುತ್ತದೆ, 15100ಕ್ಕೆ ಕೇಳಿ. ತೀರ್ಮಾನ ಮಾಡದಿದ್ದರೂ ತಿಳಿದುಕೊಂಡಿರುವುದರಲ್ಲಿ ನಷ್ಟವಿಲ್ಲ.

ಅತ್ತೆಗೆ ಹೇಳಬೇಡಿ. ಇದು ನಿಮ್ಮ ಮನೆಯವರೇ ಹೇಳಬೇಕಾದ ವಿಷಯ, ಅವರಿಗೆ ಬೇಕೆನಿಸಿದಾಗ. ಖಾಸಗಿತನ ಮೂಲಭೂತ ಹಕ್ಕು, ಲೈಂಗಿಕ ಒಲವು ಅದರೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟಿನಿಂದ 2017ರಲ್ಲಿ ಹೇಳಿಸಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿ. ಕೋರ್ಟಿನ ಮಾತು ಬದಿಗಿರಲಿ, ಒಮ್ಮೆ ಬಾಯಿಂದ ಹೊರಬಿದ್ದರೆ ಊರಿನ ಜಾತ್ರೆವರೆಗೂ ಹೋಗುತ್ತದೆ, ನೀವು ರಾಜಿಯಾದ ಮೇಲೂ ಜನ ಬಿಡುವುದಿಲ್ಲ. ಮಗಳ ಶಾಲೆಯ ಗೇಟಿಗೂ ಬರುತ್ತದೆ. ಅಕ್ಕನನ್ನು ಕೂರಿಸಿಕೊಂಡು, ಇದು ನಿನ್ನಲ್ಲೇ ಇರಲಿ ಎಂದು ಈ ವಾರವೇ ಮಾತು ತೆಗೆದುಕೊಳ್ಳಿ. ಆದರೆ ನಿಮಗೂ ಹೇಳಿಕೊಳ್ಳಲು ಒಬ್ಬರು ಬೇಕು, ಯಾರೆಂದು ನಿಮ್ಮ ಮನೆಯವರ ಜೊತೆ ಮಾತಾಡಿಯೇ ಗೊತ್ತುಮಾಡಿಕೊಳ್ಳಿ.

ಕೊನೆಗೆ ಆ ದಿವಾನು. ಅವರು ಅಲ್ಲಿ ಮಲಗುತ್ತಿರುವುದು ನೀವು 'ಹೋಗಿ' ಎಂದದ್ದಕ್ಕೋ, ಅವರಾಗಿಯೇ ಹೋದದ್ದೋ ಬರೆದಿಲ್ಲ. ನೀವು ಕಳಿಸಿದ್ದರೆ, ಒಳಗೆ ಕರೆಯಬೇಕೆನಿಸುವವರೆಗೂ ಕಾಯಿರಿ, ಅವಸರವಿಲ್ಲ. ಅವರಾಗಿಯೇ ಹೋಗಿದ್ದರೆ, ನಿಮಗೆ ಅಸಹ್ಯವಾಗಿದೆ ಎಂದುಕೊಂಡು ಹೋಗಿರುತ್ತಾರೆ. ನಿಜಕ್ಕೂ ಹಾಗಿದೆಯೋ ಇಲ್ಲವೋ, ಇವತ್ತು ಮಗು ಮಲಗಿದ ಮೇಲೆ ಅದೊಂದನ್ನು ಅವರಿಗೆ ಹೇಳಿ.